ಚೆಲುವಮ್ಮನಿಗೆ ಬಂದ ವಯಸ್ಸು

ಆ ಊರು ಹೊಳೆಯ ಎರಡೂ ದಡದಲ್ಲಿದೆ. ಹೆಸರು ಹೇಳಿದರೂ ಪ್ರಯೋಜನವಿಲ್ಲ, ಯಾವ ಬಸ್ಸಿನ ಬೋರ್ಡಿನಲ್ಲೂ ಅದನ್ನು ಬರೆಯುವುದಿಲ್ಲ. ಇಳಿಯುವವರು ಯಾರೆಂದು ಕಂಡಕ್ಟರಿಗೇ ಗೊತ್ತಾಗುತ್ತದೆ, ಸೀಟಿ ಊದಿ ಇಳಿಸಿಬಿಡುತ್ತಾನೆ. ನಾನು ಇಳಿದ ಸಂಜೆ ಹೊಸ ಸೇತುವೆಯ ಕಂಬಿಗಳಿಗೆ ಬಣ್ಣ ಬಳಿಯುತ್ತಿದ್ದರು. ಅಲ್ಲಿಯ ತನಕ ಪೂರ್ವದ ದಡಕ್ಕೆ ಒಂದು ಕಚೇರಿ, ಪಶ್ಚಿಮದ ದಡಕ್ಕೆ ಒಂದು ಕಚೇರಿ, ಎರಡಕ್ಕೂ ಬೇರೆ ಬೇರೆ ಕಂಪ್ಯೂಟರು, ನಡುವೆ ದೋಣಿ. ಸೇತುವೆ ಬಂತು ಅಂದಮೇಲೆ ಊರು ಒಂದಾಗಬೇಕು, ದಾಖಲೆಯೂ ಒಂದಾಗಬೇಕು. ದಿನಾ ಬೆಳಗಿನ ಜಾವ ಎರಡೂ ದಡದ ಮಾಹಿತಿಯನ್ನು ತಂದು ಒಂದೇ ಕಡೆ ಸುರಿಯುವ ‘ಜಾಬ್’ ಎಂಬ ಪ್ರೋಗ್ರಾಮನ್ನು ನನಗಿಂತ ಮುಂಚೆ ಬಂದವನೊಬ್ಬ ಕಟ್ಟಿಟ್ಟು ಬೇರೆ ಕೆಲಸ ಸಿಕ್ಕಿತೆಂದು ಹೊರಟುಹೋಗಿದ್ದ. ಮರುದಿನ ಬೆಳಗಿನ ಜಾವ ಅದು ಮೊದಲ ಸಲ ಓಡಬೇಕಿತ್ತು. ಅದನ್ನು ನೋಡಿಕೊಂಡು, ಕೆಟ್ಟದ್ದನ್ನು ಸರಿಮಾಡುವುದು ನನ್ನ ಕೆಲಸ.

ಕಚೇರಿಯ ಸೂಪರಿಂಟೆಂಡೆಂಟ್ ಧರಣೇಂದ್ರಯ್ಯನವರು ತೆಳ್ಳಗಿನ ಮನುಷ್ಯ, ಮಾತಾಡುವಾಗಲೆಲ್ಲ ಕನ್ನಡಕ ಒರೆಸಿಕೊಳ್ಳುತ್ತಿದ್ದರು. ಟೀ ಕೊಡಿಸಿ, ನಲ್ಲಿಯಲ್ಲಿ ನೀರು ಎಷ್ಟು ಹೊತ್ತಿಗೆ ಬರುತ್ತದೆ ಅನ್ನುವುದನ್ನು ಹೇಳಿ, ಅದೇ ದನಿಯಲ್ಲಿ ಇನ್ನೊಂದು ಮಾತು ಸೇರಿಸಿದರು. "ನಮ್ಮೂರಲ್ಲಿ ದಾಖಲೆ ಹೇಗಿರುತ್ತೋ ಬೆಳಿಗ್ಗೆ ಊರೂ ಹಾಗೇ ಇರುತ್ತೆ ಮೇಡಂ. ಸ್ವಲ್ಪ ನೋಡ್ಕೊಂಡು ಮಾಡಿ."

"ಹಾಗಂದ್ರೆ?"

"ಹಾಗಂದ್ರೆ ಹಾಗೇ. ಹೋದ ವರ್ಷ ನಮ್ಮ ಗುಮಾಸ್ತ ಟೈಲರ್ ಅಂಗಡಿಯ ಸಾಲಿನಲ್ಲಿ ಎಣ್ಣೆ ಅಂಗಡಿ ಅಂತ ಒತ್ತಿಬಿಟ್ಟ. ಬೆಳಿಗ್ಗೆ ಎದ್ದು ಬಾಗಿಲು ತೆಗೆದರೆ ಹೊಲಿಗೆ ಮೆಷಿನ್ ಇಲ್ಲ, ಪೂರ್ತಿ ಎಣ್ಣೆ ಡಬ್ಬ. ಪಾಪ, ನಾವು ಸರಿಮಾಡೋ ತನಕ ಎಣ್ಣೆ ಅಳೆದ. ವ್ಯಾಪಾರ ಏನೋ ಚೆನ್ನಾಗೇ ಆಯ್ತು."

ನಾನು ನಕ್ಕೆ. ಅವರು ನಗಲಿಲ್ಲ, ಕನ್ನಡಕ ಒರೆಸಿಕೊಂಡರು.

ನನಗೆ ರೂಮು ಕೊಟ್ಟಿದ್ದು ಪೂರ್ವದ ದಡದ ಚೆಲುವಮ್ಮನ ಮನೆಯ ಮಾಳಿಗೆಯಲ್ಲಿ. ಕೆಳಗೆ ಅವಳ ದೋಸೆ ಹೋಟ್ಲು, ನಾಲ್ಕು ಬೆಂಚು, ಒಂದು ದೊಡ್ಡ ಹೆಂಚು. ಎತ್ತರದ ಗಟ್ಟಿಮುಟ್ಟಾದ ಹೆಂಗಸು, ರುಬ್ಬುಗುಂಡು ತಿರುಗಿಸಿ ತಿರುಗಿಸಿ ತೋಳು ಪೈಲ್ವಾನನ ತೋಳಿನ ಹಾಗಾಗಿತ್ತು. ವಯಸ್ಸು ಐವತ್ತರ ಆಸುಪಾಸು ಇರಬಹುದು ಅಂದುಕೊಂಡೆ. ನನ್ನ ಪೆಟ್ಟಿಗೆಯನ್ನು ಒಂದೇ ಕೈಯಲ್ಲಿ ಮೇಲಕ್ಕೆ ಹೊತ್ತು ತಂದು, ಮಂಚದ ತುದಿಯಲ್ಲಿ ಕೂತು, ಪರಿಚಯ ಆಗುವ ಮುಂಚೆಯೇ ಸುದ್ದಿ ಹೇಳಿದಳು.

"ಭಾನುವಾರ ಸೇತುವೆ ಓಪನಿಂಗು. ಅವತ್ತೇ ಸೇತುವೆ ನಡುಮಧ್ಯೆ ನನ್ನ ಮದುವೆ. ನೀನು ಇರ್ತೀಯಾ ತಾನೆ?"

"ಇರ್ತೀನಿ ಚೆಲುವಕ್ಕ. ಯಾರು ಹುಡುಗ?"

"ಹುಡುಗ!" ಅವಳು ತೊಡೆ ತಟ್ಟಿಕೊಂಡು ನಕ್ಕಳು. "ಆಚೆ ದಡದ ಕಾಳಾಚಾರು, ಬಡಗಿ. ದಿನಾ ಸಂಜೆ ದೋಣೀಲಿ ಬಂದು ಎರಡು ದೋಸೆ ತಿನ್ನೋನು. ಕಡೇ ದೋಣಿ ಹೊರಟ್ರೆ ಇನ್ನೊಂದು ದೋಸೆ ಅನ್ನೋನು. ಎಷ್ಟು ಸಲ ದೋಣಿ ತಪ್ಪಿಸ್ಕೊಂಡು ನಮ್ಮ ಬೆಂಚಿನ ಮೇಲೆ ಮಲಗಿದಾನೋ. ಸೇತುವೆ ಆದ್ರೆ ಅವನಿಗೆ ಬೆಂಚಿನ ಮೇಲೆ ಮಲಗೋಕೆ ನೆಪಾನೇ ಇರಲ್ಲ ಅಂತ ಹೆದರ್ಕೊಂಡು ಬಾಯಿಬಿಟ್ಟ. ನಾನೂ ಹೂಂ ಅಂದೆ."

ಮರುದಿನ ಬೆಳಿಗ್ಗೆ ಮೆಟ್ಟಿಲ ಮೇಲೆ ಟಕ್ ಟಕ್ ಎಂದು ಕೋಲಿನ ಸದ್ದು ಕೇಳಿ ಎದ್ದೆ. ಬಾಗಿಲು ತೆಗೆದರೆ ಒಬ್ಬಳು ಮುದುಕಿ ನಿಂತಿದ್ದಳು. ಅಷ್ಟು ಹಣ್ಣಾದ ಮುದುಕಿಯನ್ನು ನಾನು ಅದುವರೆಗೂ ಕಂಡಿರಲಿಲ್ಲ. ಬೆನ್ನು ಬಾಗಿ ಬಿಲ್ಲಾಗಿತ್ತು, ತಲೆಯ ಮೇಲೆ ಹತ್ತಿಯಂಥ ನಾಲ್ಕು ಕೂದಲು, ಬಾಯಲ್ಲಿ ಒಂದೂ ಹಲ್ಲಿಲ್ಲ. ಆದರೆ ದನಿ ಮಾತ್ರ ನಿನ್ನೆಯದೇ.

"ವನಜಾ," ಅಂದಳು, "ನಿಮ್ಮ ಕಂಪ್ಯೂಟರು ನನಗೆ ಏನು ಮಾಡಿತೇ?"

ನಾನು ಅವಳನ್ನು ಕೈ ಹಿಡಿದು ಕೂರಿಸಿದೆ. ಕೈ ಒಣಗಿದ ಎಲೆಯಷ್ಟು ಹಗುರವಾಗಿತ್ತು. ಕಿಟಕಿಯಿಂದ ಬೀದಿ ನೋಡಿದರೆ ಅಲ್ಲೂ ಗಲಾಟೆ. ಹಾಲಿನ ಕೇಂದ್ರದ ಮುಂದೆ ಜನ ಪಾತ್ರೆ ಬಗ್ಗಿಸಿ ಬಗ್ಗಿಸಿ ತೋರಿಸುತ್ತಿದ್ದರು. ಅರ್ಧ ಲೀಟರು ಕೊಳ್ಳುವವರ ಪಾತ್ರೆಗೆ ಹಾಲು ಬೀಳುತ್ತಲೇ ಇರಲಿಲ್ಲ, ಅಳತೆಯಿಂದ ಹೊರಟದ್ದು ನಡುವೆಯೇ ಇಲ್ಲವಾಗುತ್ತಿತ್ತು. ಒಂದೂವರೆ ಲೀಟರಿನವರಿಗೆ ಒಂದೇ ಲೀಟರು. ಎದುರು ಸಾಲಿನಲ್ಲಿ ಹನ್ನೆರಡು ಎ, ಹನ್ನೆರಡು ಬಿ, ಹನ್ನೆರಡು ಸಿ ಎಂಬ ಮೂರು ಮನೆಗಳಿದ್ದ ಜಾಗದಲ್ಲಿ ಒಂದೇ ಮನೆ ನಿಂತಿತ್ತು. ಮೂರೂ ಸಂಸಾರ ಅದರೊಳಗೇ ಎದ್ದು, ಬಚ್ಚಲಿಗೆ ಸಾಲು ನಿಂತು, ಕಿಟಕಿಯಿಂದ ಮೂರು ಥರದ ಒಗ್ಗರಣೆಯ ವಾಸನೆ ಬರುತ್ತಿತ್ತು.

ಕಚೇರಿಗೆ ಓಡಿದೆ. ಪರದೆಯ ಮೇಲೆ ಹಸಿರು ಅಕ್ಷರದಲ್ಲಿ 'ಕೆಲಸ ಯಶಸ್ವಿಯಾಗಿ ಮುಗಿದಿದೆ' ಎಂದು ಬಂದಿತ್ತು, ಅದರ ಕೆಳಗೆ ಸಣ್ಣದಾಗಿ 'ಎಚ್ಚರಿಕೆಗಳಿವೆ' ಎಂದು. ಒತ್ತಿದರೆ ಹಳದಿ ಸಾಲುಗಳು ಒಂದರ ಕೆಳಗೊಂದು ಇಳಿಯತೊಡಗಿದವು. ಬೇರೆ ಊರುಗಳಲ್ಲಿ ಹಳದಿ ಸಾಲನ್ನು ಯಾರೂ ಓದುವುದಿಲ್ಲ, ಕೆಂಪು ಬಂದರೆ ಮಾತ್ರ ಏಳುತ್ತಾರೆ. ಇಲ್ಲಿ ಹಳದಿ ಸಾಲುಗಳೇ ಬೀದಿಯಲ್ಲಿ ಕೋಲೂರಿಕೊಂಡು ಓಡಾಡುತ್ತಿದ್ದವು.

ಓದುತ್ತ ಹೋದಂತೆ ಎಲ್ಲವೂ ತಿಳಿಯಿತು. ಪೂರ್ವದವರು ಹಾಲಿನ ಅಳತೆಯನ್ನು ದಶಮಾಂಶದಲ್ಲಿ ಬರೆದಿದ್ದರು, ಪಶ್ಚಿಮದವರು ಪೂರ್ಣ ಸಂಖ್ಯೆಯಲ್ಲಿ. ಒಂದುಗೂಡಿಸುವ ಕಾಲಮ್ಮನ್ನು ಪೂರ್ಣ ಸಂಖ್ಯೆ ಎಂದು ಕಟ್ಟಿದ್ದರಿಂದ ಬಿಂದುವಿನ ಆಚೆಗಿದ್ದದ್ದೆಲ್ಲ ಕತ್ತರಿಸಿಹೋಗಿತ್ತು. ಮನೆ ನಂಬರಿನ ಕಾಲಮ್ಮೂ ಸಂಖ್ಯೆಯೇ, ಆದ್ದರಿಂದ ಎ, ಬಿ, ಸಿ ಉದುರಿ ಮೂರು ಮನೆ ಒಂದಾಗಿತ್ತು. ಮೂರನೆಯದು ಹುಟ್ಟಿದ ದಿನ. ಪೂರ್ವದ ದಡದಲ್ಲಿ ಹುಟ್ಟಿದ ದಿನ ಗೊತ್ತಿಲ್ಲದವರಿಗೆ ಆ ಜಾಗವನ್ನು ಖಾಲಿ ಬಿಡುತ್ತಿದ್ದರು. ಅಂಥವರು ಊರಿನ ದಾಖಲೆಯ ಹಂಗಿಲ್ಲದೆ ತಮ್ಮ ಪಾಡಿಗೆ ತಾವು ಬೆಳೆಯುತ್ತಿದ್ದರು. ಹೊಸ ಕಾಲಮ್ಮು ಖಾಲಿ ಜಾಗವನ್ನು ಒಪ್ಪುತ್ತಿರಲಿಲ್ಲ. ಖಾಲಿ ಕಂಡಲ್ಲೆಲ್ಲ ಜಾಬು ತನಗೆ ಗೊತ್ತಿದ್ದ ಮೊದಲ ದಿನಾಂಕವನ್ನು ತುಂಬಿತ್ತು: ಸಾವಿರದ ಒಂಬೈನೂರನೇ ಇಸವಿ, ಜನವರಿ ಒಂದು. ಚೆಲುವಮ್ಮನ ಹಾಗೆಯೇ ಹೂ ಮಾರುವ ರತ್ನಿ, ದೋಣಿ ನಡೆಸುತ್ತಿದ್ದ ಅಣ್ಣತಮ್ಮಂದಿರು, ಗರಡಿಮನೆಯ ಉಸ್ತಾದ, ಹೀಗೆ ಪೂರ್ವದ ದಡದಲ್ಲಿ ಹುಟ್ಟಿದ ದಿನ ತಿಳಿಯದವರೆಲ್ಲ ಒಂದೇ ದಿನ ಹುಟ್ಟಿದ ಶತಾಯುಷಿಗಳಾಗಿ ಜಗುಲಿ ಜಗುಲಿಗಳಲ್ಲಿ ಕೂತಿದ್ದರು.

ಹಾಲು ಮತ್ತು ಮನೆಯದು ಸುಲಭದ ಕೆಲಸ. ಒಂದು ಕಾಲಮ್ಮನ್ನು ದಶಮಾಂಶ ಮಾಡಿದೆ, ಇನ್ನೊಂದನ್ನು ಅಕ್ಷರಗಳ ಕಾಲಮ್ಮು ಮಾಡಿದೆ. ಮರುದಿನ ಬೆಳಿಗ್ಗೆ ಅರ್ಧ ಲೀಟರಿನವರಿಗೆ ಅರ್ಧ ಲೀಟರೂ ಸಿಕ್ಕಿತು, ಹನ್ನೆರಡನೇ ನಂಬರಿನವರು ಮತ್ತೆ ಮೂರು ಮನೆಯಲ್ಲಿ ಎದ್ದರು. ಆದರೆ ಒಂದು ದಿನ ಒಂದೇ ಒಲೆಯಲ್ಲಿ ಬೇಯಿಸಿಕೊಂಡು ಉಂಡವರಿಗೆ ಈಗ ಬೇರೆ ಬೇರೆ ಉಣ್ಣುವುದು ಸಪ್ಪೆಯೆನಿಸಿ, ಮಧ್ಯಾಹ್ನದ ಹೊತ್ತಿಗೆ ನಡುವಿನ ಗೋಡೆಗಳನ್ನು ಕೊರೆದು ಬಾಗಿಲಿಡುವುದಕ್ಕೆ ಕಾಳಾಚಾರಿಗೆ ಹೇಳಿಕಳಿಸಿದರು.

ಹುಟ್ಟಿದ ದಿನದ ಕಾಲಮ್ಮನ್ನು ಮಾತ್ರ ಮುಟ್ಟುವಂತಿರಲಿಲ್ಲ. ಧರಣೇಂದ್ರಯ್ಯನವರು ಮೇಲಿನ ಕಚೇರಿಯ ಆದೇಶ ತೋರಿಸಿದರು. ಸೇತುವೆ ತೆರೆಯುವ ದಿನಕ್ಕೆ ಒಂದಾದ ದಾಖಲೆಯಲ್ಲಿ ಎಚ್ಚರಿಕೆ ಒಂದೂ ಇರಕೂಡದು, ಯಾವ ಹುಟ್ಟಿದ ದಿನವೂ ಖಾಲಿ ಇರಕೂಡದು. ಸಾಹೇಬರೇ ಬಂದು ಪರದೆ ನೋಡುತ್ತಾರೆ.

"ಖಾಲಿ ಬಿಡೋ ಹಾಗಿಲ್ಲ ಮೇಡಂ. ಬೇಕಾದ್ರೆ ಅವರವರನ್ನೇ ಕರೆದು ಕೇಳಿ. ಯಾವುದೋ ಒಂದು ದಿನ ಹೇಳ್ತಾರೆ, ತುಂಬಿಬಿಡಿ. ಪಶ್ಚಿಮದವರು ಮಾಡಿರೋದೂ ಅದೇ. ಅಲ್ಲಿ ಸ್ಕೂಲಿಗೆ ಸೇರಿಸುವಾಗ ಮೇಷ್ಟ್ರು ಎಲ್ಲರಿಗೂ ಜೂನ್ ಒಂದು ಅಂತಲೇ ಬರೆದಿದಾರೆ. ಜೂನ್ ಒಂದಕ್ಕೆ ಆ ದಡದಲ್ಲಿ ಪಾಯಸ ಮಾಡದ ಮನೆ ಇಲ್ಲ."

ಸುದ್ದಿ ಹೊರಗೆ ಹೋದದ್ದೇ ತಡ, ಕಚೇರಿಯ ಮುಂದೆ ಕೋಲುಗಳ ಜಾತ್ರೆ ನೆರೆಯಿತು. ವಯಸ್ಸನ್ನು ಆರಿಸಿಕೊಳ್ಳಬಹುದಂತೆ! ಉಸ್ತಾದ ತನಗೆ ಇಪ್ಪತ್ತೈದು ಬೇಕೆಂದ, ಪಕ್ಕದವನು ಹಾಗಾದರೆ ನನಗೆ ಇಪ್ಪತ್ನಾಲ್ಕು ಎಂದ. ಹಲ್ಲಿಲ್ಲದ ಬಾಯಿಗಳೆಲ್ಲ ನಗುತ್ತಿದ್ದವು. ಎಲ್ಲರಿಗಿಂತ ಮುಂದೆ ನುಗ್ಗಿ ಬಂದ ರತ್ನಿ, "ಹದಿನೆಂಟು ಬರಿ ತಾಯಿ, ಹದಿನೆಂಟು," ಅಂದಳು. "ಹದಿನೆಂಟರಲ್ಲಿ ನನಗೆ ಸೊಂಟ ಇಷ್ಟೇ ಇಷ್ಟು ಇತ್ತು." ಸೊಂಟ ಎಷ್ಟಿತ್ತೆಂದು ಎರಡು ಕೈ ಕೂಡಿಸಿ ತೋರಿಸಿದಳು. ಉಳಿದವರು, ಮೊದಲು ಅವಳದು ಹೇಗಾಗುತ್ತದೋ ನೋಡೋಣ ಎಂದು ಹಿಂದೆ ನಿಂತರು. ನಾನು ಅವಳದೊಂದನ್ನು ತುಂಬಿದೆ.

ಚೆಲುವಮ್ಮ ಮಾತ್ರ ಬಂದಿರಲಿಲ್ಲ. ಅವಳು ಮನೆಯ ಬಾಗಿಲು ಹಾಕಿಕೊಂಡಿದ್ದಳು. ಹಿಂದಿನ ಸಂಜೆಯೇ ಕಾಳಾಚಾರು ಬಂದು ಬಾಗಿಲು ತಟ್ಟಿದ್ದರು, ಅವಳು ತೆಗೆದಿರಲಿಲ್ಲ. ಅವರು ಹೊರಗಿನ ಬೆಂಚಿನ ಮೇಲೆ ಕೂತು ಸುಮಾರು ಹೊತ್ತು ಬಾಗಿಲಿನ ಜೊತೆ ಮಾತಾಡಿ ಹೋಗಿದ್ದರು. ಈಗ ಕೋಲುಗಳ ಗುಂಪು ಕರಗಿದ ಮೇಲೆ ಅವರೇ ಕಚೇರಿಗೆ ಬಂದರು. ಕುಳ್ಳಗೆ, ಗುಂಡಗೆ, ಹುಬ್ಬಿನ ಮೇಲೆಲ್ಲ ಮರದ ಹೊಟ್ಟು. ಕಿವಿಯ ಸಂದಿಯಲ್ಲಿದ್ದ ಪೆನ್ಸಿಲನ್ನು ತೆಗೆದು ಕೈಯಲ್ಲಿ ಹಿಡಿದು ನಿಂತರು.

"ಮೇಡಂನೋರೆ, ಒಂದು ಉಪಕಾರ ಆಗಬೇಕು. ನನ್ನ ಹುಟ್ಟಿದ ದಿನ ಅಳಿಸಿಬಿಡಿ."

"ಯಾಕೆ ಆಚಾರ್ರೆ?"

"ನನ್ನದೂ ಖಾಲಿ ಆದ್ರೆ ನಿಮ್ಮ ಯಂತ್ರ ನನಗೂ ಅದೇ ದಿನ ಹಾಕುತ್ತಲ್ಲ. ಅವಳು ಒಬ್ಬಳೇ ಮುದುಕಿಯಾಗಿ ಕೂತ್ಕೊಂಡು, ನನ್ನ ಮುಖ ನೋಡಲ್ಲ ಅಂತಾಳೆ. ನಾನೂ ಮುದುಕ ಆದ್ರೆ ಬಾಗಿಲು ತೆಗೀತಾಳೆ. ಹೇಗೂ ನನ್ನದು ಮೇಷ್ಟ್ರು ಬರೆದಿದ್ದು, ಹೋದ್ರೆ ಹೋಯ್ತು."

ನಾನು ಧರಣೇಂದ್ರಯ್ಯನವರ ಕಡೆ ನೋಡಿದೆ. ಅವರು ಕನ್ನಡಕ ತೆಗೆದು ಒರೆಸುತ್ತಲೇ ಇದ್ದರು, ಹಾಕಿಕೊಳ್ಳುವುದನ್ನು ಮರೆತಿದ್ದರು. "ಇವತ್ತು ಬೇಡ ಆಚಾರ್ರೆ, ಸ್ವಲ್ಪ ತಡೀರಿ," ಎಂದು ನಾನು ಅವರನ್ನು ಕಳಿಸಿದೆ. ಸಂಜೆ ಮನೆಗೆ ಹೋಗಿ ಬಾಗಿಲ ಹೊರಗಿನಿಂದಲೇ ಈ ಮಾತನ್ನು ಚೆಲುವಮ್ಮನಿಗೆ ಹೇಳಿದೆ. ಒಳಗೆ ಚಿಲಕ ತೆಗೆದ ಸದ್ದಾಯಿತು.

"ಅವನಿಗೆ ಬುದ್ಧಿ ಇದೆಯಾ?" ಅಂದಳು. "ಇಬ್ಬರೂ ಮುದುಕರಾದ್ರೆ ಹಿಟ್ಟು ರುಬ್ಬೋರು ಯಾರು?" ಹಾಗೆ ಅಂದವಳು ಸೆರಗಿನಿಂದ ಕಣ್ಣು ಒರೆಸಿಕೊಂಡು, ಮತ್ತೆ ನಕ್ಕಳು. ಹಲ್ಲಿಲ್ಲದ ಆ ನಗು ಕೂಸಿನ ನಗುವಿನ ಹಾಗಿತ್ತು.

ನಾನು ಅವಳ ಪಕ್ಕ ಕೂತು, "ಚೆಲುವಕ್ಕ, ನಿಮಗೆ ಬೇಕಾದ ದಿನ ಹೇಳಿ, ನಾಳೆಯೇ ತುಂಬ್ತೀನಿ. ನಾಡಿದ್ದು ಬೆಳಿಗ್ಗೆ ನೀವು ಮೊದಲಿನ ಹಾಗೆ," ಅಂದೆ.

ಅವಳು ತಲೆಯಾಡಿಸಿದಳು. "ಅದು ಆಗಲ್ಲ ಕಣೆ." ನಾನು ಯಾಕೆಂದು ಕೇಳಿದಾಗ ಅವಳು ಹೇಳಿದ್ದು ಇದು. ಅವಳನ್ನು ಸಾಕಿದವಳು ತಾಯವ್ವ, ಇದೇ ಹೋಟ್ಲು ನಡೆಸುತ್ತಿದ್ದ ಹೆಂಗಸು. ಒಂದು ಸಂತೆಯ ದಿನ ಕಡೇ ದೋಣಿಯಲ್ಲಿ ತಾಯವ್ವ ಈಚೆ ದಡಕ್ಕೆ ಬಂದಾಗ, ಜನರೆಲ್ಲ ಇಳಿದುಹೋದ ಮೇಲೆ ಕಡಲೆಕಾಯಿ ಮೂಟೆಗಳ ನಡುವೆ ಒಂದು ಕೂಸು ಮಲಗಿತ್ತಂತೆ. ಯಾರದೆಂದು ಎರಡೂ ದಡದಲ್ಲಿ ಕೇಳಿದರು, ಯಾರೂ ಬರಲಿಲ್ಲ. ಕಚೇರಿಯವರು ಹುಟ್ಟಿದ ದಿನ ಏನು ಬರೆಯೋಣ ಎಂದಾಗ ತಾಯವ್ವ ಒಪ್ಪಲಿಲ್ಲ. ಸಿಕ್ಕಿದ ದಿನ ನನಗೆ ಗೊತ್ತು, ಹುಟ್ಟಿದ ದಿನ ಹೆತ್ತವಳಿಗೆ ಗೊತ್ತು, ಅವಳು ಒಂದು ದಿನ ಬಂದು ಹೇಳಿದರೆ ಬರೆಯೋಕೆ ಜಾಗ ಬೇಕಲ್ಲ, ಬಿಟ್ಟಿರಿ ಅಂದಳಂತೆ.

"ಬರ್ತಾಳೆ ಅಂತ ನಾನೇನು ಕಾದು ಕೂತಿಲ್ಲ ವನಜಾ. ಬಂದಿದ್ರೆ ಇಷ್ಟು ಹೊತ್ತಿಗೆ ಬರಬೇಕಿತ್ತು. ಆದ್ರೂ ತಾಯವ್ವ ನನಗೋಸ್ಕರ ಬಿಡಿಸಿದ್ದ ಜಾಗ ಅದು. ಅಲ್ಲಿಗೆ ನಾನೇ ಒಂದು ಸುಳ್ಳು ತುಂಬೋದಾ? ನನಗೆ ಗೊತ್ತಿಲ್ಲ. ಗೊತ್ತಿಲ್ಲ ಅನ್ನೋದೇ ನಿಜ. ಅದನ್ನ ಬರೆಯೋಕೆ ಬರಲ್ವಾ ನಿಮ್ಮ ಕಂಪ್ಯೂಟರಿಗೆ?"

ಆ ಪ್ರಶ್ನೆ ನನ್ನ ತಲೆಯಲ್ಲಿ ಕೂತುಬಿಟ್ಟಿತು. ಮರುದಿನ ಕಚೇರಿಗೆ ಹೋಗುವ ದಾರಿಯಲ್ಲಿ ರತ್ನಿಯ ಅಂಗಡಿಯ ಮುಂದೆ ಜನ ಸೇರಿದ್ದರು. ಹೂವಿನ ಬುಟ್ಟಿಗಳ ಹಿಂದೆ ಹದಿನೆಂಟರ ಹುಡುಗಿಯೊಬ್ಬಳು ಮುಖ ಊದಿಸಿಕೊಂಡು ಕೂತಿದ್ದಳು. ಸೊಂಟ ಅವಳು ಹೇಳಿದಷ್ಟೇ ಇತ್ತು. ಅವಳ ಬೆನ್ನ ಹಿಂದೆ ಅವಳ ಮಗಳು ಸರಸಿ, ಇಪ್ಪತ್ತು ದಾಟಿದವಳು, ಬಾಚಣಿಗೆ ಹಿಡಿದು ಗದರುತ್ತಿದ್ದಳು.

"ಅಲ್ಲಾಡಬೇಡ ಅಮ್ಮ, ಜಡೆ ಹಾಕ್ತಾ ಇದೀನಿ. ಸೈಕಲ್ ಅಂಗಡಿ ಹುಡುಗನ ಕಡೆ ಯಾಕೆ ನೋಡ್ತೀಯ? ಎದುರಿಗೆ ನೋಡು!"

ನನ್ನನ್ನು ಕಂಡದ್ದೇ ರತ್ನಿ ಜಡೆ ಬಿಡಿಸಿಕೊಂಡು ಓಡಿಬಂದಳು. "ಮೇಡಂ, ನಂದು ಮೊದಲಿನ ಹಾಗೆ ಮಾಡಿಬಿಡಿ. ಇವಳು ಬೆಳಿಗ್ಗೆಯಿಂದ ನನ್ನ ಹೊರಗೇ ಬಿಡ್ತಿಲ್ಲ. ಗಿರಾಕಿಗಳು ನಿಮ್ಮಮ್ಮನ್ನ ಕರಿ ಅಂತಾರೆ. ಯಾರಿಗೆ ಸಾಲ ಕೊಟ್ಟಿದ್ನೋ ಅವರು ಗುರುತೇ ಸಿಗದೋರ ಹಾಗೆ ದಾಟಿ ಹೋಗ್ತಾರೆ!" ಸುತ್ತ ನಿಂತಿದ್ದ ಮುದುಕರು ಬಿದ್ದು ಬಿದ್ದು ನಕ್ಕರು. ಉಸ್ತಾದ ನನ್ನ ಕಡೆ ತಿರುಗಿ, "ನನಗೆ ಇಪ್ಪತ್ತೈದು ಬೇಡ ತಾಯಿ. ನನ್ನ ಶಿಷ್ಯರೇ ನನ್ನ ಎತ್ತಿ ಹಾಕಿಬಿಡ್ತಾರೆ," ಅಂದ.

ಕಚೇರಿಯಲ್ಲಿ ನಾನು ಧರಣೇಂದ್ರಯ್ಯನವರ ಎದುರಿಗೆ ಕುರ್ಚಿ ಎಳೆದುಕೊಂಡು ಕೂತೆ. "ಸಾರ್, ಮೇಲಿನವರಿಗೆ ಬೇಕಾಗಿರೋದು ಎಚ್ಚರಿಕೆ ಬರಬಾರದು ಅಂತ ತಾನೆ?"

"ಹೌದು."

"ಎಚ್ಚರಿಕೆ ಬರೋದು ಖಾಲಿ ಇದೆ ಅಂತ ಅಲ್ಲ. ಖಾಲಿ ಕಂಡರೆ ಏನು ಮಾಡಬೇಕು ಅಂತ ನಾವು ಯಂತ್ರಕ್ಕೆ ಹೇಳಿಲ್ಲ. ಅದು ತಾನೇ ಊಹೆ ಮಾಡಿ ಏನೋ ತುಂಬುತ್ತೆ, ತುಂಬಿದೀನಿ ನೋಡ್ಕೊಳ್ಳಿ ಅಂತ ನಮಗೆ ಕೂಗಿ ಹೇಳುತ್ತೆ. ಅದೇ ಹಳದಿ ಸಾಲು. ಖಾಲಿ ಬಂದರೆ ಖಾಲಿಯಾಗೇ ದಾಟಿಸು, ವಯಸ್ಸು ಲೆಕ್ಕ ಹಾಕೋಕೆ ಹೋಗಬೇಡ ಅಂತ ಮೊದಲೇ ಹೇಳಿಬಿಟ್ಟರೆ ಅದು ಯಾಕೆ ಕೂಗುತ್ತೆ? ಸೊನ್ನೆ ಬೇರೆ, ಇಲ್ಲ ಅನ್ನೋದು ಬೇರೆ, ಗೊತ್ತಿಲ್ಲ ಅನ್ನೋದು ಬೇರೆ ಸಾರ್. ಮೂರನ್ನೂ ಒಂದೇ ಡಬ್ಬಕ್ಕೆ ಹಾಕಿದ್ದಕ್ಕೇ ಇಷ್ಟೆಲ್ಲ ಆಗಿದ್ದು. ಆ ಕಾಲಮ್ಮು ಖಾಲಿಯನ್ನ ಒಪ್ಪಬೇಕು, ಅಷ್ಟೇ. ಅದಕ್ಕೆ ಮೇಲಿನವರ ಒಪ್ಪಿಗೆ ಬೇಕು."

ಅವರು ಕಿಟಕಿಯ ಹೊರಗೆ ನೋಡಿದರು. ಆಚೆ ಕಟ್ಟೆಯ ಮೇಲೆ ಶತಾಯುಷಿಗಳು ಸಾಲಾಗಿ ಬಿಸಿಲು ಕಾಯಿಸುತ್ತ ಕೂತಿದ್ದರು. "ನಾನು ಕೇಳಿದ್ರೆ ಆಗಲ್ಲ ಅಂತಾರೆ ಮೇಡಂ. ನನ್ನ ಸರ್ವೀಸಿನಲ್ಲಿ ಅವರು ಆಗಲಿ ಅಂದಿದ್ದು ಕೇಳೇ ಇಲ್ಲ." ಆದರೂ ಫೋನು ಎತ್ತಿದರು. ಅಷ್ಟರಲ್ಲಿ ಬಾಗಿಲಲ್ಲಿ ಟಕ್ ಟಕ್ ಎಂದಿತು. ಚೆಲುವಮ್ಮ ಬಂದಿದ್ದಳು. ಕಾಳಾಚಾರು ಅವಳ ಮೊಣಕೈ ಹಿಡಿದಿದ್ದರು. ಅವಳು ಬೆಂಚಿನ ಮೇಲೆ ಕೂತು ಕೋಲಿನ ಮೇಲೆ ಗದ್ದ ಊರಿ ಫೋನಿನ ಮಾತು ಕೇಳಿಸಿಕೊಳ್ಳತೊಡಗಿದಳು.

ಧರಣೇಂದ್ರಯ್ಯನವರು "ಸಾರ್" ಅಂದರು, "ಹೌದು ಸಾರ್" ಅಂದರು, "ಖಾಲಿ ಅಂದ್ರೆ, ಗೊತ್ತಿಲ್ಲ ಅಂತ ಸಾರ್" ಅಂದರು. ಆ ಕಡೆಯ ದನಿ ಏರುತ್ತಿತ್ತು. "ಹುಟ್ಟಿದ ದಿನ ಇಲ್ಲದ ಮನುಷ್ಯ ಅಂದ್ರೆ ಏನ್ರೀ? ಹುಟ್ಟಿದಾನೆ ಅಂದಮೇಲೆ ಒಂದು ದಿನ ಹುಟ್ಟಿರಲೇಬೇಕಲ್ಲ? ಬರೀರಿ ಏನಾದ್ರೂ!" ಎಂಬುದು ನನಗೂ ಕೇಳಿಸಿತು. ಧರಣೇಂದ್ರಯ್ಯನವರ ಹಣೆಯಲ್ಲಿ ಬೆವರು ಮೂಡಿತ್ತು.

"ಕೊಡಪ್ಪ ಇಲ್ಲಿ," ಅಂದಳು ಚೆಲುವಮ್ಮ. ಕೈ ಚಾಚಿ ಫೋನು ಇಸಿದುಕೊಂಡು ಕಿವಿಗಿಟ್ಟಳು. "ಮಗಾ, ಯಾರು ನೀನು?"

"ನೀವ್ಯಾರು?" ಎಂದಿತು ಆ ಕಡೆಯ ದನಿ.

"ನಾನು ಈ ಊರಿಗೇ ಹಿರಿಯಳಪ್ಪ. ನಿಮ್ಮ ದಾಖಲೆಯಲ್ಲೇ ನೋಡ್ಕೋ, ಸಾವಿರದ ಒಂಬೈನೂರನೇ ಇಸವಿ. ನಿಮ್ಮಜ್ಜಿ ಯಾವ ಇಸವಿ? ಆಂ? ಹಾಗಾದ್ರೆ ನಿಮ್ಮಜ್ಜಿಗೂ ನಾನು ಹಿರಿಯಳು. ಸ್ವಲ್ಪ ಮೆತ್ತಗೆ ಮಾತಾಡು. ಊಟ ಆಯ್ತಾ? ಇನ್ನೂ ಇಲ್ವಾ? ಹೊತ್ತಿಗೆ ಸರಿಯಾಗಿ ತಿನ್ನದೇ ಇದ್ರೆ ಹೀಗೇ ಸಿಟ್ಟು ಬರೋದು. ಕೇಳು ಇಲ್ಲಿ. ನಮ್ಮ ವನಜಾ ಏನೋ ಕೇಳ್ತಾಳೆ, ಆಗಲಿ ಅನ್ನು. ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅಂತ ಬರೆದ್ರೆ ನಿನ್ನ ಗಂಟೇನೂ ಹೋಗಲ್ಲ. ಹಿರಿಯಳ ಮಾತು ತೆಗೆದುಹಾಕಬೇಡ."

ಚೆಲುವಮ್ಮ ಸ್ವಲ್ಪ ಹೊತ್ತು ಆಲಿಸಿದಳು. ಆಮೇಲೆ "ಒಳ್ಳೇದಾಗಲಿ ಮಗಾ. ಮೊದಲು ಹೋಗಿ ಊಟ ಮಾಡು," ಎಂದು ಫೋನನ್ನು ಧರಣೇಂದ್ರಯ್ಯನವರ ಕೈಗೆ ಕೊಟ್ಟಳು.

"ಏನಂದ್ರು?" ಅಂದರು ಅವರು.

"ಆಗಲಿ ಅಜ್ಜಿ ಅಂದ."

ಕಾಳಾಚಾರು ಅಲ್ಲೇ ನೆಲದ ಮೇಲೆ ಕೂತು ನಗತೊಡಗಿದರು. ಧರಣೇಂದ್ರಯ್ಯನವರು ಮೊದಲು ಗಂಭೀರವಾಗಿರಲು ನೋಡಿದರು, ಆಗಲಿಲ್ಲ. ಕನ್ನಡಕ ಮೇಜಿನ ಮೇಲಿಟ್ಟು ಅವರೂ ನಕ್ಕರು. ಅವರು ಹಾಗೆ ನಗುವುದನ್ನು ನೋಡಲು ಗುಮಾಸ್ತರೆಲ್ಲ ಎದ್ದು ಬಂದರು.

ಒಪ್ಪಿಗೆ ಬರಹದಲ್ಲಿ ಬಂದು ಕೈಸೇರುವ ಹೊತ್ತಿಗೆ ಶನಿವಾರ ಮಧ್ಯಾಹ್ನವಾಗಿತ್ತು. ಇನ್ನು ಒಂದೇ ಬೆಳಗಿನ ಜಾವ ಉಳಿದದ್ದು. ಹಿಂದಿನವನು ಕಟ್ಟಿದ್ದ ಜಾಬನ್ನು ಬಿಚ್ಚಿ ಕೂತೆ. ಹುಟ್ಟಿದ ದಿನದ ಕಾಲಮ್ಮು ಖಾಲಿಯನ್ನು ಒಪ್ಪುವಂತೆ ಮಾಡಿದೆ. ಪೂರ್ವದಿಂದ ಬರುವ ಪ್ರತಿಯೊಂದು ಖಾಲಿ ಜಾಗಕ್ಕೂ, ಇದು ಗೊತ್ತಿಲ್ಲದ್ದು, ಹಾಗೇ ದಾಟಿಸು ಎಂದು ತಿಳಿಸಿದೆ. ರತ್ನಿಗೆ ತುಂಬಿದ್ದ ಹದಿನೆಂಟನ್ನೂ ಅಳಿಸಿ ಮತ್ತೆ ಖಾಲಿ ಮಾಡಿದೆ. ಪೂರ್ವದವರು ದಿನ ಮೊದಲು ತಿಂಗಳು ಆಮೇಲೆ ಬರೆಯುತ್ತಿದ್ದರು, ಪಶ್ಚಿಮದವರು ತಿಂಗಳು ಮೊದಲು. ಅದು ಹಾಗೇ ಬಿಟ್ಟಿದ್ದರೆ ಇಡೀ ಪಶ್ಚಿಮದ ದಡ ಒಂದು ಜೂನಿನ ಬದಲು ಆರು ಜನವರಿಗೆ ಪಾಯಸ ಮಾಡಬೇಕಾಗುತ್ತಿತ್ತು. ಅದನ್ನೂ ಸರಿಮಾಡಿದೆ. ಧರಣೇಂದ್ರಯ್ಯನವರು ಪಕ್ಕದಲ್ಲೇ ಕೂತು ಪ್ರತಿಯೊಂದು ಸಾಲನ್ನೂ ಬೆರಳಿಟ್ಟು ಓದಿ, "ಇದು ಏನು ಮಾಡುತ್ತೆ?" ಎಂದು ಕೇಳಿದರು. ನಾನು ಹೇಳಿದೆ. ಕತ್ತಲಾಗುವ ಮುಂಚೆ ಇಬ್ಬರೂ ಎದ್ದೆವು. ಮಾಡಬೇಕಾದ್ದೆಲ್ಲ ಮಾಡಿಯಾಗಿತ್ತು. ತಪ್ಪಾದರೆ ನಾಳೆ ಸೇತುವೆಯ ಮೇಲೆ ಕೋಲೂರಿದ ಮದುಮಗಳು.

ಬೆಳಿಗ್ಗೆ ನನ್ನನ್ನು ಎಬ್ಬಿಸಿದ್ದು ಕೋಲಿನ ಸದ್ದಲ್ಲ. ಕೆಳಗಡೆ ಕಾದ ಹೆಂಚಿನ ಮೇಲೆ ಹಿಟ್ಟು ಬಿದ್ದು ಚುಂಯ್ ಎಂದಿತು. ನಾನು ಮೆಟ್ಟಿಲನ್ನು ಎರಡೆರಡಾಗಿ ಹಾರಿ ಇಳಿದೆ. ಚೆಲುವಮ್ಮ ಸೆರಗು ಸಿಕ್ಕಿಸಿಕೊಂಡು, ಎತ್ತರಕ್ಕೆ, ನೆಟ್ಟಗೆ, ಪೈಲ್ವಾನನ ತೋಳು ಬೀಸಿ ದೋಸೆ ಹುಯ್ಯುತ್ತಿದ್ದಳು.

"ಮದುವೆ ದಿನ ಯಾರಾದ್ರೂ ಹೆಂಚಿನ ಮುಂದೆ ನಿಲ್ತಾರಾ ಚೆಲುವಕ್ಕ?"

"ಕೈ ಇದೆಯೋ ಇಲ್ವೋ ನೋಡ್ಕೋಬೇಡ್ವಾ?" ಎಂದು ಅವಳು ದೋಸೆಯನ್ನು ತಿರುವಿಹಾಕಿ, ಆಮೇಲೆ ಸಟ್ಟುಗವನ್ನು ಕೆಳಗಿಟ್ಟು ಬಂದು ನನ್ನನ್ನು ಎತ್ತಿ ಒಂದು ಸುತ್ತು ತಿರುಗಿಸಿಬಿಟ್ಟಳು. ಬೀದಿಯಲ್ಲಿ ಉಸ್ತಾದ ತನ್ನ ಮೀಸೆ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದ. ರತ್ನಿ ತನ್ನ ದಪ್ಪ ಸೊಂಟದ ಮೇಲೆ ಬುಟ್ಟಿ ಇಟ್ಟುಕೊಂಡು, "ಏ ಸರಸಿ, ಯಾರನ್ನ ನೋಡ್ತಾ ನಿಂತಿದೀಯೆ?" ಎಂದು ಮಗಳನ್ನು ಗದರುತ್ತ ಹೂ ತಂದಳು. ಕಚೇರಿಯಿಂದ ಧರಣೇಂದ್ರಯ್ಯನವರು ಓಡುತ್ತಲೇ ಬಂದು, ಬೀದಿಯ ಆ ತುದಿಯಿಂದಲೇ ಕೈಯೆತ್ತಿ, "ಒಂದೂ ಇಲ್ಲ ಮೇಡಂ! ಹಳದಿ ಒಂದೂ ಇಲ್ಲ!" ಎಂದು ಕೂಗಿದರು.

ಸೇತುವೆಯ ಮೇಲೆ ಎರಡೂ ದಡದ ಜನ ಎರಡು ಕಡೆಯಿಂದ ನಡೆದು ಬಂದು ನಡುವೆ ಸೇರಿದರು. ಆ ಕಡೆಯಿಂದ ವಾಲಗ, ಈ ಕಡೆಯಿಂದ ಬ್ಯಾಂಡ್ ಸೆಟ್ಟು. ಎರಡೂ ಬೇರೆ ಬೇರೆ ಹಾಡು ನುಡಿಸುತ್ತಿದ್ದವು, ಯಾರಿಗೂ ಅದು ತಪ್ಪೆನಿಸಲಿಲ್ಲ. ಕಾಳಾಚಾರು ತಾವೇ ಮಾಡಿದ ಮರದ ಮಂಟಪದ ಕೆಳಗೆ ಹೊಸ ಪಂಚೆಯುಟ್ಟು ನಿಂತಿದ್ದರು, ಹುಬ್ಬಿನ ಹೊಟ್ಟನ್ನು ತೊಳೆಯುವುದು ಮಾತ್ರ ಮರೆತಿದ್ದರು. ಚೆಲುವಮ್ಮ ಹಾರ ಹಾಕುವ ಮೊದಲು ತನ್ನ ಸೆರಗಿನ ತುದಿಯಿಂದ ಅದನ್ನು ಒರೆಸಿದಳು. ತಾಳಿ ಕಟ್ಟುವಾಗ ಗಂಟು ಸರಿಯಾಗಿ ಬಿದ್ದಿದೆಯೋ ಎಂದು ಬಡಗಿ ಎರಡು ಸಲ ಎಳೆದು ನೋಡಿದರು, ಇಡೀ ಸೇತುವೆ ನಕ್ಕಿತು.

ಅಕ್ಷತೆ ಇನ್ನೂ ಬೀಳುತ್ತಿರುವಾಗಲೇ ಮೇಲಿನ ಕಚೇರಿಯ ಸಾಹೇಬರ ಜೀಪು ಬಂದು ನಿಂತಿತು. ನಾನು ದನಿ ಕೇಳಿ ಊಹಿಸಿದ್ದಕ್ಕಿಂತ ತುಂಬ ಚಿಕ್ಕವರು, ಕೋಟಿನ ಗುಂಡಿ ತಪ್ಪಾಗಿ ಹಾಕಿಕೊಂಡಿದ್ದರು. ರಿಬ್ಬನ್ನು ಕತ್ತರಿಸಿದರು, ಪರದೆ ನೋಡುವ ಮಾತೇ ಎತ್ತಲಿಲ್ಲ. ಜೀಪಿನಿಂದ ಒಂದು ಶಾಲು ಮತ್ತು ಹಣ್ಣಿನ ಬುಟ್ಟಿ ತರಿಸಿಕೊಂಡು, ಸುತ್ತ ನೋಡುತ್ತ, ಸ್ವಲ್ಪ ಸಂಕೋಚದಿಂದ ಧರಣೇಂದ್ರಯ್ಯನವರನ್ನು ಕೇಳಿದರು.

"ಅವತ್ತು ಫೋನಿನಲ್ಲಿ ಮಾತಾಡಿದ ಅಜ್ಜಿ ಎಲ್ಲಿದಾರೆ? ನಮ್ಮಜ್ಜಿ ಹೋದ ಮೇಲೆ ನನ್ನನ್ನ ಊಟ ಆಯ್ತಾ ಅಂತ ಯಾರೂ ಕೇಳಿರಲಿಲ್ಲ. ಒಂದು ನಮಸ್ಕಾರ ಮಾಡಿ ಹೋಗೋಣ ಅಂತ ಬಂದೆ."

ವಾಲಗವೂ ಬ್ಯಾಂಡೂ ಒಟ್ಟಿಗೆ ನಿಂತವು. ಧರಣೇಂದ್ರಯ್ಯನವರು ಕನ್ನಡಕ ಒರೆಸಿಕೊಂಡರು. ಎರಡೂ ದಡದ ಜನ ಮದುಮಗಳ ಕಡೆ ತಿರುಗಿದರು. ಚೆಲುವಮ್ಮ ಒಂದು ಗಳಿಗೆಯೂ ಯೋಚಿಸಲಿಲ್ಲ. ಸೆರಗನ್ನು ತಲೆಯ ಮೇಲೆ ಹೊದ್ದು, ಗಂಡನ ಕೈ ಬಿಡಿಸಿಕೊಂಡು ಮುಂದೆ ಬಂದು ನಿಂತಳು. "ನಾನೇ ಕಣಪ್ಪ," ಅಂದಳು, ಅದೇ ದನಿಯಲ್ಲಿ.

ಸಾಹೇಬರು ಅವಳನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. ಹಣೆಯ ಬಾಸಿಂಗ ನೋಡಿದರು, ಕರಿಯ ಜಡೆ ನೋಡಿದರು. ನಿಮ್ಮ ವಯಸ್ಸೆಷ್ಟು ಎಂದು ಕೇಳಲು ಬಾಯಿಗೆ ಬಂದದ್ದು ಅವರ ತುಟಿಯ ಮೇಲೇ ಕಾಣಿಸಿತು. ಆಮೇಲೆ ಅದನ್ನು ಅಲ್ಲೇ ನುಂಗಿಕೊಂಡು, ಶಾಲನ್ನು ಅವಳ ಹೆಗಲಿಗೆ ಹೊದಿಸಿ, ಹೊಸ ಸೇತುವೆಯ ಮೇಲೆ ಬಗ್ಗಿ ಅವಳ ಕಾಲು ಮುಟ್ಟಿದರು.

ಚೆಲುವಮ್ಮ ಅವರ ತಲೆಯ ಮೇಲೆ ಕೈಯಿಟ್ಟಳು. "ಚೆನ್ನಾಗಿರು ಮಗಾ. ಏಳು, ಎಲೆ ಹಾಕಿದಾರೆ, ಊಟಕ್ಕೆ ಬಾ."